ಮೈನಸ್ ಎಂಬತ್ತರಲ್ಲಿ ಒಂದು ರ‍್ಯಾಕ್ ಬಿಟ್ಟುಕೊಡಿ

ಗೆ,
ಮಾನ್ಯ ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ
ಮಾನ್ಯ ನಿರ್ದೇಶಕರು, ವೈದ್ಯಕೀಯ ಶಿಕ್ಷಣ ಇಲಾಖೆ
ಬೆಂಗಳೂರು

ವಿಷಯ: ಮೈಸೂರು, ಮಂಡ್ಯ ಜಿಲ್ಲೆಗಳ ಮಕ್ಕಳಿಂದ ತೆಗೆದ ಆರ್‌ಎಸ್‌ವಿ (ಶ್ವಾಸಕೋಶಕ್ಕೆ ನುಗ್ಗುವ ಒಂದು ವೈರಸ್) ಪಾಸಿಟಿವ್ ಸ್ಯಾಂಪಲ್‌ಗಳನ್ನು ಎಸೆಯದೆ ಉಳಿಸಿ, ಅವುಗಳಲ್ಲಿನ ವೈರಸ್ಸಿನ ಜೀನೋಮ್ (ಅದರ ಪೂರ್ತಿ ಆನುವಂಶಿಕ ಬರಹ) ಓದಿಸುವ ಬಗ್ಗೆ.

ಮಾನ್ಯರೇ,

ಇಬ್ಬರು ಅಧಿಕಾರಿಗಳನ್ನು ಒಂದೇ ಪತ್ರದಲ್ಲಿ ಕೂರಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಬೇರೆ ದಾರಿ ಕಾಣಲಿಲ್ಲ. ತಾಲ್ಲೂಕು ಆಸ್ಪತ್ರೆ ಒಂದು ಇಲಾಖೆಯದು, ಮೆಡಿಕಲ್ ಕಾಲೇಜಿನ ಲ್ಯಾಬ್ ಇನ್ನೊಂದು ಇಲಾಖೆಯದು. ಮಗುವಿನ ಮೂಗಿನಿಂದ ಸ್ವಾಬ್ ತೆಗೆಯುವವರು ಒಬ್ಬರು, ಟೆಸ್ಟ್ ಮಾಡುವವರು ಇನ್ನೊಬ್ಬರು. ರಿಪೋರ್ಟ್ ಹೋದ ಮೇಲೆ ಟ್ಯೂಬಿನ ತಳದಲ್ಲಿ ಉಳಿಯುವ ಒಂದೆರಡು ಮಿಲಿಲೀಟರ್ ದ್ರವ ಯಾರ ಆಸ್ತಿ ಎಂಬುದು 33 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ನನಗೂ ಕೊನೆತನಕ ಬಗೆಹರಿಯಲಿಲ್ಲ. ಈ ಪತ್ರ ಆ ಉಳಿಕೆಯ ಬಗ್ಗೆಯೇ.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ನನ್ನ ಮಗಳನ್ನು ಕೊಟ್ಟಿರುವುದು ಮದ್ದೂರು ಹತ್ತಿರದ ಹಳ್ಳಿಗೆ. ಅವಳ ಮಗು ಮೂರು ತಿಂಗಳಿನದಿದ್ದಾಗ, ದಸರಾ ಕಳೆದ ಮರುವಾರ, ಶೀತ ಶುರುವಾಯಿತು. ಬೀಗತಿ ಬಜೆ ತೇಯ್ದು ನೆಕ್ಕಿಸಿದರು, ದೃಷ್ಟಿ ತೆಗೆದರು. ಮೂರನೇ ರಾತ್ರಿ ಎದೆಯಲ್ಲಿ ಗೊರಗೊರ ಶಬ್ದ. ಬೆಳಗಾಗುವಷ್ಟರಲ್ಲಿ ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು, ಮೊಲೆ ಹಿಡಿಯಲು ಬಲವಿರಲಿಲ್ಲ. ನಾನು ಮೈಸೂರಿನಿಂದ ಹೋಗಿ ಮುಟ್ಟುವ ಹೊತ್ತಿಗೆ ಮಗು ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿತ್ತು. ವಾರ್ಡಿನ ತುಂಬ ಅದೇ ವಯಸ್ಸಿನ, ಅದೇ ಕೆಮ್ಮಿನ ಮಕ್ಕಳು. ಎರಡು ಮಂಚಕ್ಕೆ ಮೂರು ಕೂಸು. "ಸೀಸನ್ನು ಕಣಮ್ಮ, ಎಲ್ಲಾ ಮಕ್ಕಳಿಗೂ ಬಂದದೆ" ಎಂದರು ನರ್ಸ್. ನಾಲ್ಕು ದಿನಕ್ಕೆ ಮಗು ಚೇತರಿಸಿಕೊಂಡಿತು. ಡಾಕ್ಟರು, ನರ್ಸುಗಳು ಚೆನ್ನಾಗಿಯೇ ನೋಡಿಕೊಂಡರು. ನನ್ನ ದೂರು ಅವರ ಮೇಲಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದು 'ವೈರಲ್ ಬ್ರಾಂಕಿಯೋಲೈಟಿಸ್'. ಯಾವ ವೈರಸ್? ಯಾರೂ ನೋಡಿರಲಿಲ್ಲ. ಚಿಕಿತ್ಸೆಗೆ ಅದು ಬೇಕಾಗಿಯೂ ಇರಲಿಲ್ಲ: ಆಕ್ಸಿಜನ್ ಕೊಡಬೇಕು, ಮೂಗು ಸ್ವಚ್ಛ ಮಾಡಬೇಕು, ನೀರಿನಂಶ ಕಡಿಮೆಯಾಗದಂತೆ ಕಾಯಬೇಕು, ಅಷ್ಟೇ.

ಆ ಮಂಚಗಳ ಮೇಲೆ ಇದ್ದದ್ದು ಬಹುಪಾಲು ಆರ್‌ಎಸ್‌ವಿ, ಅಂದರೆ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್, ಎಂದು ನನ್ನ ಊಹೆ. ಹೆಸರು ಉಚ್ಚರಿಸಲು ಕಷ್ಟ. ಅದಕ್ಕೇ ಏನೋ ಜನಕ್ಕೆ ಗೊತ್ತಿಲ್ಲ. 1956ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಚಿಂಪಾಂಜಿಗಳಿಗೆ ನೆಗಡಿಯಾದಾಗ ಮೊದಲು ಸಿಕ್ಕಿತು. ಮರುವರ್ಷ ರಾಬರ್ಟ್ ಚಾನಕ್ ಮತ್ತವರ ಸಂಗಡಿಗರು ಇದು ಮನುಷ್ಯರ ಮಕ್ಕಳದೇ ಕಾಯಿಲೆ ಎಂದು ತೋರಿಸಿದರು. ಅದೇ 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು. ಮಂಗನ ಕಾಯಿಲೆ ಯಾರಿಗೆ ಗೊತ್ತಿಲ್ಲ ಹೇಳಿ. ಆರ್‌ಎಸ್‌ವಿ ಮಾತ್ರ ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿನ ಮೂಗಿಗೂ ಬಂದುಹೋಗುತ್ತದೆ, ಹೆಸರಿಲ್ಲದೆ. 2019ರ ಒಂದು ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಐದು ವರ್ಷದೊಳಗಿನ 1,01,400 ಮಕ್ಕಳು ಇದರಿಂದ ಸತ್ತರು. ಅದರಲ್ಲಿ 45,700 ಮಕ್ಕಳಿಗೆ ಆರು ತಿಂಗಳೂ ತುಂಬಿರಲಿಲ್ಲ. ಆಸ್ಪತ್ರೆಯಲ್ಲಿ ಸತ್ತವರು 26,300 ಮಾತ್ರ. ಉಳಿದ ಮುಕ್ಕಾಲು ಪಾಲು ಮಕ್ಕಳು ಮನೆಯಲ್ಲಿ, ದಾರಿಯಲ್ಲಿ. ಸಾವುಗಳಲ್ಲಿ ನೂರಕ್ಕೆ ತೊಂಬತ್ತೇಳು ನಮ್ಮಂಥ ಬಡ, ಮಧ್ಯಮ ಆದಾಯದ ದೇಶಗಳವು.

ಇನ್ನು ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ನಿವೃತ್ತಿಯಾಗಿದ್ದವಳನ್ನು ಕೋವಿಡ್ ಕಾಲದಲ್ಲಿ ಗುತ್ತಿಗೆ ಮೇಲೆ ಕರೆಸಿಕೊಂಡರು. ಯಾವ ಲ್ಯಾಬ್ ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಇನ್ನೂ ದುಡಿಯುತ್ತಿರುವ ಹುಡುಗಿಯರಿಗೆ ಮೆಮೊ ಹೋಗುತ್ತದೆ. ಕೋವಿಡ್ ಇಳಿದ ಮೇಲೆ ಅದೇ ಮೆಷಿನ್ನುಗಳಲ್ಲಿ ಒಂದೇ ಸಲಕ್ಕೆ ಹಲವು ವೈರಸ್ ಹುಡುಕುವ ಪ್ಯಾನೆಲ್ ಶುರುವಾಯಿತು. ಮಳೆಗಾಲದ ಕೊನೆಗೆ, ಹಿಂಗಾರು ಹತ್ತಿರವಾದಂತೆ, ಚಿಕ್ಕ ಮಕ್ಕಳ ಸ್ಯಾಂಪಲ್ಲುಗಳಲ್ಲಿ ಆರ್‌ಎಸ್‌ವಿ ಸಾಲುಸಾಲಾಗಿ ಬರುತ್ತಿತ್ತು. ಸಿಟಿ ವ್ಯಾಲ್ಯೂ ಹದಿನೆಂಟು, ಇಪ್ಪತ್ತು. ಈ ಸಂಖ್ಯೆ ಕಡಿಮೆಯಾದಷ್ಟೂ ವೈರಸ್ ಹೆಚ್ಚು, ಅಂದರೆ ಸ್ಯಾಂಪಲ್ ತುಂಬ ವೈರಸ್. ಒಂದೊಂದನ್ನೂ ಕ್ರಯೋವಯಲ್‌ಗೆ ಹಾಕಿ, ಮಾರ್ಕರಿನಲ್ಲಿ ನಂಬರ್ ಬರೆದು, ಮೈನಸ್ ಎಂಬತ್ತು ಡಿಗ್ರಿ ಫ್ರೀಜರಿನಲ್ಲಿ ಪೆಟ್ಟಿಗೆಪೆಟ್ಟಿಗೆಯಾಗಿ ಇಟ್ಟಿದ್ದೆವು. ಒಂದು ದಿನ "ಜಾಗ ಇಲ್ಲ, ಹಳೇದೆಲ್ಲ ಡಿಸ್ಕಾರ್ಡ್ ಮಾಡಿ" ಎಂದು ಹೇಳಿಕೆ ಬಂತು. ಹಳದಿ ಚೀಲಕ್ಕೆ ತುಂಬಿ ಆಟೋಕ್ಲೇವಿಗೆ ಇಟ್ಟವಳು ನಾನೇ. ಮೂರು ಸೀಸನ್ನಿನ ಪೆಟ್ಟಿಗೆಗಳು, ಒಂದೂಕಾಲು ಗಂಟೆಯ ಕೆಲಸ. ಆವತ್ತು ನನಗೆ ಏನೂ ಅನ್ನಿಸಲಿಲ್ಲ. ಫ್ರೀಜರ್ ಸ್ವಚ್ಛವಾಯಿತು ಎಂದು ಖುಷಿಯೂ ಆಗಿತ್ತು, ಸುಳ್ಳೇಕೆ.

ಎಸೆದದ್ದು ಏನು ಎಂದು ಈಗ ಗೊತ್ತಾಗಿದೆ. ನಿಮಗೂ ತಿಳಿಸುವುದು ನನ್ನ ಕರ್ತವ್ಯ.

ಮಂಡ್ಯದ ರೈತನ ಹತ್ತಿರ ಹೋಗಿ "ಏನು ಹಾಕಿದ್ದೀಯಪ್ಪ?" ಎಂದು ಕೇಳಿ. "ಕಬ್ಬು" ಎಂದು ಸುಮ್ಮನಾಗುವುದಿಲ್ಲ. 62175 ಹಾಕಿದ್ದೀನಿ, ಇಲ್ಲವೇ 86032 ಹಾಕಿದ್ದೀನಿ ಎನ್ನುತ್ತಾನೆ. ಯಾವ ತಳಿ ಎಷ್ಟು ತಿಂಗಳಿಗೆ ಕಟಾವು, ಯಾವುದಕ್ಕೆ ಯಾವ ರೋಗ ಬೇಗ ಎಂದೆಲ್ಲ ಅವನಿಗೆ ಬಾಯಿಪಾಠ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಭತ್ತದ, ಕಬ್ಬಿನ, ರಾಗಿಯ ತಳಿಗಳನ್ನು ಬೇರೆಬೇರೆ ಹೆಸರಿಟ್ಟು ಕಾಪಾಡಿಕೊಂಡು ಬಂದಿದ್ದಾರೆ. ಅದೇ ಜಿಲ್ಲೆಯಲ್ಲಿ ಮಕ್ಕಳ ಶ್ವಾಸಕೋಶಕ್ಕೆ ನುಗ್ಗುವ ವೈರಸ್ಸನ್ನು ಮಾತ್ರ ನಾವು 'ಪಾಸಿಟಿವ್' ಎಂದು ಒಂದೇ ಪದದಲ್ಲಿ ಮುಗಿಸುತ್ತೇವೆ. ತೂಕದ ಸೇತುವೆಯ ಗುಮಾಸ್ತ ಗಾಡಿ ಕಬ್ಬನ್ನು ನೋಡಿದ ಹಾಗೆ.

ಇದು ನಮ್ಮ ಸೋಮಾರಿತನವೇನೂ ಅಲ್ಲ, ಪಿಸಿಆರ್ ಟೆಸ್ಟಿನ ಸ್ವಭಾವವೇ ಅದು. ವೈರಸ್ಸಿನ ಜೀನೋಮಿನಲ್ಲಿ ಯಾವ ಜಾಗ ಸುಲಭಕ್ಕೆ ಬದಲಾಗುವುದಿಲ್ಲವೋ ಅದನ್ನು ಹುಡುಕಿ ಅಲ್ಲಿಗೆ ಪ್ರೈಮರ್ (ಆ ಜಾಗಕ್ಕೆ ಅಂಟುವ ಚಿಕ್ಕ ತುಣುಕು) ಹೊಂದಿಸಿರುತ್ತಾರೆ, ಯಾವ ತಳಿ ಬಂದರೂ ಸಿಗಲಿ ಎಂದು. ಅಂದರೆ ತಳಿಭೇದವನ್ನು ಕಾಣದಿರಲಿ ಎಂದೇ ಕಟ್ಟಿದ ಟೆಸ್ಟ್ ಅದು. ಈ ವೈರಸ್ಸಿನಲ್ಲಿ ಎರಡು ದೊಡ್ಡ ಗುಂಪು; ಹೆಚ್ಚೆಂದರೆ ಎ ಗುಂಪೋ ಬಿ ಗುಂಪೋ ಎಂದು ಹೇಳುತ್ತದೆ. ಅದರೊಳಗಿನ ಭೇದ ತಿಳಿಯಬೇಕಾದರೆ ಇಡೀ ಜೀನೋಮನ್ನು ಓದಬೇಕು. ಅದರ ಉದ್ದ ಸುಮಾರು 15,200 ಅಕ್ಷರ. ಕೋವಿಡ್ ವೈರಸ್ಸಿನದು ಹತ್ತಿರಹತ್ತಿರ 30,000. ದೊಡ್ಡದನ್ನು ಸಾವಿರಸಾವಿರ ಓದಿದ ರಾಜ್ಯಕ್ಕೆ ಅದರ ಅರ್ಧದಷ್ಟಿರುವುದು ಹೊರೆಯಾಗಬಾರದು.

ಜೀನೋಮಿನಲ್ಲಿ ಹತ್ತು ಜೀನ್‌ಗಳಿವೆ. ಎರಡನ್ನು ನೆನಪಿಟ್ಟುಕೊಂಡರೆ ಸಾಕು. 'ಜಿ' ಎಂಬುದು ವೈರಸ್ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳಲು ಬಳಸುವ ಪ್ರೋಟೀನಿನದು. ಅದು ಬಲು ಚಂಚಲ. 'ಎಫ್' ಎಂಬುದು ಒಳಗೆ ನುಗ್ಗುವ ಪ್ರೋಟೀನಿನದು. ಅದು ಹೆಚ್ಚುಕಡಿಮೆ ಸ್ಥಿರ, ಹಾಗಾಗಿ ಔಷಧಗಳೂ ಲಸಿಕೆಗಳೂ ಅದರ ಮೇಲೇ ಗುರಿಯಿಡುತ್ತವೆ. ಜಿ ಎಷ್ಟು ಚಂಚಲ ಎನ್ನುವುದಕ್ಕೆ ಎರಡು ಪ್ರಸಂಗ. 1999ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಬಿ ಗುಂಪಿನ ಒಂದು ವೈರಸ್ಸಿನ ಜಿ ಜೀನಿನಲ್ಲಿ 60 ಅಕ್ಷರಗಳ ಒಂದು ತುಂಡು ಎರಡೆರಡು ಸಲ ಬರೆದುಕೊಂಡಿದ್ದು ಕಂಡಿತು, ಕಾಪಿ ಬರೆಯುವ ಮಗು ಒಂದೇ ಸಾಲನ್ನು ಎರಡು ಸಲ ಬರೆದ ಹಾಗೆ. 2010ರ ಡಿಸೆಂಬರಿನಲ್ಲಿ ಕೆನಡಾದ ಒಂಟಾರಿಯೊದಲ್ಲಿ ಎ ಗುಂಪಿನಲ್ಲೂ ಅಂಥದೇ ತಪ್ಪು, ಈ ಸಲ 72 ಅಕ್ಷರ. ತಪ್ಪು ಬರೆದವರೇ ಗೆದ್ದರು. ಮೊದಲನೆಯದಕ್ಕೆ ಬಿಎ, ಎರಡನೆಯದಕ್ಕೆ ಒಎನ್1 ಎಂದು ಹೆಸರು ಬಿತ್ತು. ಕೆಲವೇ ವರ್ಷಗಳಲ್ಲಿ ಇವು ಭಾರತವನ್ನೂ ಸೇರಿಸಿ ಭೂಮಿ ತುಂಬ ಹರಡಿ, ಹಳೆಯ ತಳಿಗಳನ್ನು ಮೂಲೆಗೆ ತಳ್ಳಿದವು.

ಊರಿನ ಹೆಸರು ಬಂತು ಎಂದಮಾತ್ರಕ್ಕೆ ಅಲ್ಲೇ ಹುಟ್ಟಿತು ಎಂದಲ್ಲ, ಅಲ್ಲಿ ಮೊದಲು ಕಣ್ಣಿಗೆ ಬಿತ್ತು ಎಂದಷ್ಟೇ. ಕಿರುಗಾವಲಿನ ಸಂತೆಯಲ್ಲೇ ಹುಟ್ಟಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಇಷ್ಟಕ್ಕೂ ತಳಿ ತಿಳಿದು ಏನು ಪ್ರಯೋಜನ, ಆಕ್ಸಿಜನ್ ಅದೇ ತಾನೆ ಎಂದು ನೀವು ಕೇಳಬಹುದು. ನನ್ನ ಅಳಿಯನೂ ಹಾಗೇ ಕೇಳಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹತ್ತು ವರ್ಷದ ಹಿಂದೆ ಅಮೆರಿಕದ ಒಂದು ಕಂಪನಿ ಆರ್‌ಎಸ್‌ವಿ ತಡೆಯಲೆಂದು ಸಪ್ಟಾವುಮ್ಯಾಬ್ ಎಂಬ ಪ್ರತಿಕಾಯದ ಇಂಜೆಕ್ಷನ್ ತಯಾರಿಸಿತು. ಎಫ್ ಪ್ರೋಟೀನಿನ ಒಂದು ಜಾಗವನ್ನು ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಅವಧಿಗೆ ಮುನ್ನ ಹುಟ್ಟಿದ ಸಾವಿರಕ್ಕೂ ಹೆಚ್ಚು ಕೂಸುಗಳ ಮೇಲೆ ಮೂರನೇ ಹಂತದ ಪ್ರಯೋಗ ನಡೆಯಿತು. 2017ರಲ್ಲಿ ಫಲಿತಾಂಶ ಬಂತು: ಸೋತಿತ್ತು. ಆಮೇಲೆ ಸ್ಯಾಂಪಲ್ಲುಗಳ ಜೀನೋಮ್ ತೆಗೆದು ನೋಡಿದರೆ, ಎ ಗುಂಪಿನ ಮೇಲೆ ಔಷಧ ಕೆಲಸ ಮಾಡಿತ್ತು. ಬಿ ಗುಂಪಿನ ವೈರಸ್ಸುಗಳಲ್ಲಿ ಎಫ್ ಪ್ರೋಟೀನಿನ 172 ಮತ್ತು 173ನೇ ಅಮೈನೋ ಆಮ್ಲಗಳು (ಪ್ರೋಟೀನ್ ಎಂಬ ಸರದ ಮಣಿಗಳು) ಬದಲಾಗಿಬಿಟ್ಟಿದ್ದವು. ಒಟ್ಟು 574ರಲ್ಲಿ ಎರಡು. ಬೀಗ ಅದೇ, ಒಳಗಿನ ಎರಡು ಹಲ್ಲು ಮಾತ್ರ ಬೇರೆ, ಕೀ ತಿರುಗಲಿಲ್ಲ. ಔಷಧ ತಯಾರಾಗುತ್ತಿದ್ದ ವರ್ಷಗಳಲ್ಲೇ ವೈರಸ್ ತನ್ನ ಪಾಡಿಗೆ ತಾನು ಬದಲಾಗಿತ್ತು. ಸ್ಯಾಂಪಲ್ಲುಗಳನ್ನು ಕಾಪಾಡಿ ಇಟ್ಟಿರದಿದ್ದರೆ ಸೋಲಿನ ಕಾರಣ ಇಂದಿಗೂ ತಿಳಿಯುತ್ತಿರಲಿಲ್ಲ.

ಈಗ ಹೊಸ ಪ್ರತಿಕಾಯ ಬಂದಿದೆ, ನಿರ್ಸೆವಿಮ್ಯಾಬ್. 2022ರಲ್ಲಿ ಯೂರೋಪಿನಲ್ಲಿ, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಂದೇ ಇಂಜೆಕ್ಷನ್, ಐದು ತಿಂಗಳ ರಕ್ಷಣೆ. ಗರ್ಭಿಣಿಯರಿಗೆ ಕೊಡುವ ಲಸಿಕೆಯೂ 2023ರಲ್ಲಿ ಬಂತು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡರಲ್ಲಿ ಒಂದನ್ನು ಎಲ್ಲ ದೇಶಗಳೂ ಜಾರಿಗೆ ತರಬೇಕೆಂದು ಶಿಫಾರಸು ಮಾಡಿದೆ. ಒಳ್ಳೆಯ ಸುದ್ದಿ, ನನ್ನ ಮುಂದಿನ ಮೊಮ್ಮಗುವಿಗೆ ಸಿಗಲಿ ಎಂದು ನಾನೂ ಆಸೆಪಡುತ್ತೇನೆ. ಫ್ರಾನ್ಸಿನಲ್ಲಿ 2023-24ರ ಚಳಿಗಾಲದಲ್ಲಿ ನಿರ್ಸೆವಿಮ್ಯಾಬನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರು, ಕೊಡುತ್ತಲೇ ವೈರಸ್ಸಿನ ಜೀನೋಮನ್ನೂ ಓದಿದರು. ಇಂಜೆಕ್ಷನ್ ಪಡೆದೂ ಸೋಂಕಾದ ಮಕ್ಕಳ ಬಿ ಗುಂಪಿನ 24 ವೈರಸ್ಸುಗಳಲ್ಲಿ ಎರಡು, ಔಷಧ ತಾಗದಂತೆ ಬದಲಾಗಿದ್ದವು. ಹೆದರಬೇಕಾದ ಸಂಖ್ಯೆ ಅಲ್ಲ, ಕಣ್ಣಿಡಬೇಕಾದ ಸಂಖ್ಯೆ.

ನಮ್ಮಲ್ಲೂ ಇವತ್ತಲ್ಲ ನಾಳೆ ಇದನ್ನು ಸರ್ಕಾರವೇ ಕೊಡುವ ಕಾಲ ಬಂದೀತು. ಆಗ ಶ್ರೀರಂಗಪಟ್ಟಣದ ಒಂದು ಮಗುವಿಗೆ ಇಂಜೆಕ್ಷನ್ ಹಾಕಿಸಿದ ಮೇಲೂ ಕಾಯಿಲೆ ಬಂದರೆ, "ಔಷಧದಿಂದಾಗಿ ವೈರಸ್ ಬದಲಾಯಿತೇ, ಇಲ್ಲ ನಮ್ಮಲ್ಲಿ ಮೊದಲಿಂದಲೂ ಇದೇ ತಳಿ ಇತ್ತೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಲು ಔಷಧ ಬರುವುದಕ್ಕಿಂತ ಮುಂಚಿನ ಸ್ಯಾಂಪಲ್ ಬೇಕು. ಅದನ್ನು ಆಮೇಲೆ ಎಷ್ಟು ಕೋಟಿ ಕೊಟ್ಟರೂ ತರಲಾಗುವುದಿಲ್ಲ. ಅದು ಸಿಗುವುದು ಈಗ, ಬರುವ ಹಿಂಗಾರಿನಲ್ಲಿ, ಅದರ ಮುಂದಿನ ಹಿಂಗಾರಿನಲ್ಲಿ.

ಹಳೆಯ ಲೆಕ್ಕ ಇಟ್ಟವರಿಗೆ ಏನು ಸಿಕ್ಕಿತು ಎಂಬುದಕ್ಕೆ ಆಸ್ಟ್ರೇಲಿಯಾ ಸಾಕ್ಷಿ. 2020ರಲ್ಲಿ ಅಲ್ಲಿ ಗಡಿ ಮುಚ್ಚಿ, ಜನ ಮನೆಯಲ್ಲಿ ಕೂತಾಗ ಆರ್‌ಎಸ್‌ವಿ ಹೆಚ್ಚುಕಡಿಮೆ ಮಾಯವಾಯಿತು. ಬಿಗಿ ಸಡಿಲಿಸಿದ ಮೇಲೆ ಸೀಸನ್ನಲ್ಲದ ಸೀಸನ್ನಿನಲ್ಲಿ ಭರ್ರನೆ ಏರಿತು. ಜೀನೋಮ್ ಓದಿ ಹಿಂದಿನ ವರ್ಷಗಳದ್ದರ ಪಕ್ಕ ಇಟ್ಟು ನೋಡಿದರೆ, ಮೊದಲಿದ್ದ ಎಷ್ಟೋ ಎ ಗುಂಪಿನ ಕವಲುಗಳು ಕಾಣೆಯಾಗಿ, ಎರಡು ಕವಲು ಮಾತ್ರ ಊರೆಲ್ಲ ತುಂಬಿಕೊಂಡಿದ್ದವು. ಮೈಸೂರಿನಲ್ಲೂ ಅಂಥದ್ದೇನಾದರೂ ಆಯಿತೇ? ನಾನು ಆಟೋಕ್ಲೇವಿಗೆ ಹಾಕಿದ ಚೀಲದಲ್ಲಿ ಉತ್ತರದ ಒಂದು ಭಾಗ ಇದ್ದಿರಬಹುದು.

ಹಣದ ಮಾತು ಬರುತ್ತದೆ, ಬರಲಿ. ಮೊದಲು ತಾಲ್ಲೂಕು ಆಸ್ಪತ್ರೆಗಳಿಗೆ ಆಕ್ಸಿಜನ್, ಪಲ್ಸ್ ಆಕ್ಸಿಮೀಟರ್, ಮಕ್ಕಳ ಡಾಕ್ಟರು. ಅದರಲ್ಲಿ ಎರಡು ಮಾತಿಲ್ಲ. ಜೀನೋಮಿಗಾಗಿ ಅದರಲ್ಲಿ ಒಂದು ರೂಪಾಯಿ ಕಡಿಮೆ ಮಾಡಿದರೂ ನಾನೇ ಮೊದಲು ವಿರೋಧಿಸುತ್ತೇನೆ. ಆದರೆ ನಾನು ಕೇಳುತ್ತಿರುವುದು ಹೊಸ ಕಟ್ಟಡವಲ್ಲ, ಹೊಸ ಹುದ್ದೆಯಲ್ಲ. ಫ್ರೀಜರ್ ಇದೆ. ಮೈಸೂರು ಮೆಡಿಕಲ್ ಕಾಲೇಜಿಗೆ ನೂರು ವರ್ಷ ತುಂಬಿ ಆಗಿದೆ. ಅದರ ಚೆಲುವಾಂಬ ಆಸ್ಪತ್ರೆಗೆ ಮಂಡ್ಯ, ಚಾಮರಾಜನಗರ, ಕೊಡಗಿನಿಂದಲೂ ಮಕ್ಕಳು ಬರುತ್ತಾರೆ. ಮಂಡ್ಯದಲ್ಲಿ ಮಿಮ್ಸ್ ಮೆಡಿಕಲ್ ಕಾಲೇಜು ಇದೆ. ಮಾನಸಗಂಗೋತ್ರಿಯಲ್ಲಿ ಜೆನೆಟಿಕ್ಸ್ ಓದುವ ಮಕ್ಕಳು ಪ್ರಾಜೆಕ್ಟಿಗೆ ವಿಷಯ ಸಿಗದೆ ಒದ್ದಾಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕೋವಿಡ್ ಜೀನೋಮ್ ಓದಿದ ಅನುಭವದ ಮೇಲೆ ಕೂತಿವೆ.

ಆಗಬೇಕಾದ್ದು ಇಷ್ಟು. ಎರಡೂ ಜಿಲ್ಲೆಗಳಲ್ಲಿ ಸೀಸನ್ನಿನ ಪ್ರತಿ ವಾರವೂ, ಸಿಟಿ ವ್ಯಾಲ್ಯೂ ಇಪ್ಪತ್ತೈದಕ್ಕಿಂತ ಕಡಿಮೆ ಇರುವ ಐದೋ ಆರೋ ಪಾಸಿಟಿವ್ ಸ್ಯಾಂಪಲ್ಲುಗಳನ್ನು ಬದಿಗಿಡಲಿ. ಬರೀ ದೊಡ್ಡಾಸ್ಪತ್ರೆಯ ಐಸಿಯುದಿಂದ ಮಾತ್ರ ಆರಿಸುವುದು ಬೇಡ, ನಾಗಮಂಗಲದ್ದೂ ಇರಲಿ, ಹುಣಸೂರಿನದ್ದೂ ಇರಲಿ, ಹೊರರೋಗಿಗಳ ಸಾಲಿನ ಸಾಮಾನ್ಯ ನೆಗಡಿಯದ್ದೂ ಇರಲಿ. ಇಲ್ಲದಿದ್ದರೆ ಉಗ್ರ ಕಾಯಿಲೆಯ ತಳಿಯನ್ನೇ ಊರಿನ ತಳಿ ಎಂದುಕೊಳ್ಳುತ್ತೇವೆ. ಒಂದೊಂದನ್ನೂ ಎರಡು ವಯಲ್ ಮಾಡಿ. ಒಂದನ್ನು ಓದಲು ಕಳಿಸಿದರೆ ಇನ್ನೊಂದು ಕರಗದೆ ಇರಬೇಕು. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಆರ್‌ಎನ್‌ಎ, ಅಂದರೆ ವೈರಸ್ಸಿನ ಜೀನೋಮ್ ಇರುವ ಎಳೆ, ಹಾಳು. (ಫ್ರೀಜರ್ ಇರುವ ಕೋಣೆಗೆ ಜನರೇಟರ್ ಲೈನ್ ಕೊಟ್ಟಿದೆಯೇ ಎಂದು ದಯವಿಟ್ಟು ಯಾರನ್ನಾದರೂ ಕಳಿಸಿ ನೋಡಿಸಿ. ಎಸಿಗೆ ಕೊಟ್ಟು ಫ್ರೀಜರಿಗೆ ಕೊಡದ ಕೋಣೆಯನ್ನು ನಾನು ಕಂಡಿದ್ದೇನೆ.) ಮಗುವಿನ ಹೆಸರು ಬೇಡ, ವಿಳಾಸ ಬೇಡ, ವಯಸ್ಸು ಎಷ್ಟು ತಿಂಗಳು, ಯಾವ ತಾಲ್ಲೂಕು, ಸ್ವಾಬ್ ತೆಗೆದ ತಾರೀಖು, ಆಕ್ಸಿಜನ್ ಬೇಕಾಯಿತೇ ಇಲ್ಲವೇ, ಇಷ್ಟು ಬರೆದರೆ ಸಾಕು. ಮುಂದೆ ಇಂಜೆಕ್ಷನ್ ಬಂದಾಗ 'ಹಾಕಿಸಿದೆಯೇ' ಎಂಬ ಒಂದು ಕಾಲಂ ಸೇರಿಸಿದರಾಯಿತು.

ಓದಿದ ಜೀನೋಮನ್ನು ಎಲ್ಲರೂ ನೋಡುವಂತೆ ಜಾಗತಿಕ ಕೋಶಕ್ಕೆ ಹಾಕಿಸಿ. ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದ ಗೊಂದಲವೂ ಈಗ ತಗ್ಗಿದೆ. 2024ರಲ್ಲಿ ಹಲವು ದೇಶದವರು ಕೂಡಿ ಆರ್‌ಎಸ್‌ವಿ ಕವಲುಗಳಿಗೆ ಒಂದೇ ಹೆಸರಿನ ಕ್ರಮ ಮಾಡಿಕೊಂಡಿದ್ದಾರೆ. ಆಮೇಲೆ, ಇದು ನನ್ನ ಒತ್ತಾಯ, ಫಲಿತಾಂಶ ಬೆಂಗಳೂರಿನಲ್ಲೇ ಕೂರದೆ ಒಂದು ಪುಟದ ಕನ್ನಡ ಟಿಪ್ಪಣಿಯಾಗಿ ಸ್ವಾಬ್ ತೆಗೆದ ನರ್ಸಿನ ತನಕ ವಾಪಸ್ ಬರಲಿ. ಕಳಿಸಿದ್ದು ಎಲ್ಲಿಗೆ ಹೋಯಿತೆಂದು ತಿಳಿಯದ ಕೆಲಸವನ್ನು ಯಾರೂ ಬಹಳ ದಿನ ನೆಟ್ಟಗೆ ಮಾಡುವುದಿಲ್ಲ.

ಇನ್ನೊಂದು ಚಿಕ್ಕ ವಿಷಯ. ಮಕ್ಕಳ ನ್ಯುಮೋನಿಯಾ ತಡೆಯುವ ಕೇಂದ್ರ ಸರ್ಕಾರದ 'ಸಾನ್ಸ್' ಅಭಿಯಾನ ನವೆಂಬರ್ 12ರಂದು ಶುರುವಾಗಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ದೆಹಲಿಯ ಚಳಿಗೆ ಅದು ಸರಿ. ನಮ್ಮ ಕಡೆ ಬ್ಯಾನರ್ ಕಟ್ಟುವಷ್ಟರಲ್ಲಿ ಆರ್‌ಎಸ್‌ವಿ ಅರ್ಧ ದಾರಿ ದಾಟಿರುತ್ತದೆ. ತಾರೀಖು ಹಾಕಿದ ಸ್ಯಾಂಪಲ್ಲುಗಳು ಎರಡು ಮೂರು ವರ್ಷದ್ದು ಕೈಯಲ್ಲಿದ್ದರೆ ಇದನ್ನು ಅನುಭವದ ಮಾತಿನಿಂದಲ್ಲ, ಲೆಕ್ಕದಿಂದಲೇ ತೋರಿಸಬಹುದು; ಇಂಜೆಕ್ಷನ್ ಬಂದಾಗ ಯಾವ ತಿಂಗಳು ಹಾಕಬೇಕು ಎಂಬುದೂ ಅದರಿಂದಲೇ ನಿರ್ಧಾರವಾಗಬೇಕು. ಐದು ತಿಂಗಳ ರಕ್ಷಣೆಯನ್ನು ತಪ್ಪು ತಿಂಗಳಿನಿಂದ ಎಣಿಸಿದರೆ ದುಡ್ಡೂ ಹೋಯಿತು, ಮಗುವೂ ಬಯಲಿಗೆ ಬಿತ್ತು.

ಟಿವಿಯವರ ಭಯ ನಿಮಗಿರಬಹುದು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ಇನ್ನೊಂದು ಉಸಿರಾಟದ ವೈರಸ್ ಸಿಕ್ಕಿದಾಗ ನಡೆದದ್ದನ್ನು ನಾವೆಲ್ಲ ನೋಡಿದ್ದೇವೆ. 2001ರಲ್ಲೇ ನೆದರ್ಲೆಂಡ್ಸಿನಲ್ಲಿ ಪತ್ತೆಯಾಗಿದ್ದ ವೈರಸ್ಸನ್ನು 'ಚೀನಾದ ಹೊಸ ಮಾರಿ' ಎಂದು ಸಂಜೆತನಕ ಕೂಗಿದರು. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಮಾಸ್ಕ್ ಖಾಲಿ. ನಾಳೆ 'ಮಂಡ್ಯದಲ್ಲಿ ರೂಪಾಂತರಿ' ಎಂದು ಪಟ್ಟಿ ಓಡಿಸುತ್ತಾರೆ, ನಿಜ. ಆದರೆ ಆ ಎರಡು ಮಕ್ಕಳ ವಿಷಯದಲ್ಲಿ ಗಾಬರಿ ಎದ್ದದ್ದು ಯಾಕೆ? ಪ್ರತಿ ವರ್ಷ ಎಷ್ಟು ಸಿಗುತ್ತಿತ್ತು, ಯಾವ ತಳಿ ಸಿಗುತ್ತಿತ್ತು ಎಂದು ತೆಗೆದು ತೋರಿಸಲು ಒಂದು ಹಳೆಯ ರಿಜಿಸ್ಟರ್ ಇರಲಿಲ್ಲ. ದಿನಾ ಬೀದಿಯಲ್ಲಿ ಓಡಾಡುವವನ ಮುಖಪರಿಚಯ ಇದ್ದಿದ್ದರೆ ಅವನನ್ನು ಕಳ್ಳ ಎಂದು ಕೂಗುತ್ತಿರಲಿಲ್ಲ.

ಈ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಸೆಪ್ಟೆಂಬರಿಗೆ ಮುಂಚೆ ಎರಡು ಇಲಾಖೆಗಳ ಸಹಿ ಇರುವ ಒಂದು ಸುತ್ತೋಲೆ ಹೊರಟರೆ ಸಾಕು: ಉಸಿರಾಟದ ಪ್ಯಾನೆಲ್ಲಿನ ಪಾಸಿಟಿವ್ ಸ್ಯಾಂಪಲ್ಲುಗಳನ್ನು ಲಿಖಿತ ಅನುಮತಿ ಇಲ್ಲದೆ ಡಿಸ್ಕಾರ್ಡ್ ಮಾಡಕೂಡದು, ಅವುಗಳಿಗೆ ಒಂದು ರ‍್ಯಾಕ್ ಮೀಸಲು. ಲೇಬಲ್ ಹಾಕುವುದು, ಪೆಟ್ಟಿಗೆಯ ನಕ್ಷೆ ಬರೆಯುವುದು, ಲಾಗ್‌ಬುಕ್ ಇಡುವುದು ಇವನ್ನು ಹೊಸ ಹುಡುಗಿಯರಿಗೆ ಹೇಳಿಕೊಡಲು ನಾನೇ ಬರುತ್ತೇನೆ, ಸಂಬಳ ಬೇಡ. ಸೋಮವಾರ, ಗುರುವಾರ ಬಿಟ್ಟು. ಆ ಎರಡು ದಿನ ಮೊಮ್ಮಗನನ್ನು ನೋಡಿಕೊಳ್ಳುವ ಸರದಿ ನನ್ನದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ಕುವೆಂಪುನಗರ, ಮೈಸೂರು